ಚೆನ್ನೈಯಲ್ಲಿ ಹೇಳಿ ಬಂದ ಮಾತು

ಚೆನ್ನೈಗೆ ಹೋಗಿದ್ದ ಮೂವರು ಕಾಪು ಪೇಟೆಯಲ್ಲಿ ಬಸ್ಸಿನಿಂದ ಇಳಿದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಮುಂದೆ ವಿಠಲ ಶೆಟ್ಟಿಗಾರರು, ಅವರ ಹಿಂದೆ ತಂಗಿ ಅಕ್ಕು, ಕೊನೆಗೆ ಚೀಲ ಹೊತ್ತ ಮಗ ಜಯಕರ. ಹೋಗುವಾಗ ದಾರಿಯ ಅಂಗಡಿಯವರಿಗೆಲ್ಲ ಹೇಳಿ ಹೋದವರು ಬರುವಾಗ ಆ ದಾರಿ ಹಿಡಿಯಲಿಲ್ಲ. ಗದ್ದೆಯ ಹುಣಿಯ ಮೇಲೆ ನಡೆದು ಮನೆಯ ಹಿಂಬದಿಯಿಂದ ಅಂಗಳ ಸೇರಿದರು.

ಸೊಸೆ ಶಶಿಕಲಾ ಬಾವಿಕಟ್ಟೆಯ ಬಳಿ ಪಾತ್ರೆ ತೊಳೆಯುತ್ತಿದ್ದಳು. ಇವರ ಮುಖ ಕಂಡೇ ಅವಳಿಗೆ ಅರ್ಧ ತಿಳಿಯಿತು.

"ವೀಸಾ ಕೊಡಲಿಲ್ಲ," ಎಂದು ಜಯಕರ ಚೀಲ ಇಳಿಸಿದ.

"ಯಾಕಂತೆ?"

ಜಯಕರ ತಂದೆಯ ಕಡೆ ನೋಡಿದ. ಅವನನ್ನು ಕಚೇರಿಯ ಒಳಗೆ ಬಿಟ್ಟಿರಲಿಲ್ಲ. ಅವನು ಹೊರಗೆ ಕಾಲುದಾರಿಯ ಬಿಸಿಲಿನಲ್ಲಿ ಮೂರು ಗಂಟೆ ನಿಂತವನು.

ವಿಠಲ ಶೆಟ್ಟಿಗಾರರು ಕಾಲಿಗೆ ನೀರು ಹಾಕಿಕೊಳ್ಳುತ್ತ, "ಕಾಗದಪತ್ರ ಬಿಡಿಸಿಯೂ ನೋಡಲಿಲ್ಲ. ಕೊಡುವುದಿಲ್ಲ ಅಂತ ಮೊದಲೇ ಇತ್ತೋ ಏನೋ," ಎಂದರು. ಆ ಕೊನೆಯ ಮಾತು ಸುಳ್ಳು. ಹೇಳಿದವರಿಗೆ ಗೊತ್ತಿತ್ತು, ಪಕ್ಕದಲ್ಲಿ ನಿಂತಿದ್ದ ಅಕ್ಕುವಿಗೂ ಗೊತ್ತಿತ್ತು. ಅಕ್ಕು ಅಣ್ಣನನ್ನು ಒಮ್ಮೆ ನೋಡಿ, ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಅದು ಎರಡು ಸಾವಿರದ ಮೂರನೆಯ ಇಸವಿಯ ಜುಲೈ ತಿಂಗಳು. ವಿಠಲ ಶೆಟ್ಟಿಗಾರರ ಮಗಳು ವಿಜೇತಾ ಮಣಿಪಾಲದಲ್ಲಿ ನರ್ಸಿಂಗ್ ಕಲಿತು, ಮದುವೆಯಾಗಿ, ಶಿಕಾಗೋ ನಗರದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಳು. ನವೆಂಬರಿನಲ್ಲಿ ಅವಳಿಗೆ ಹೆರಿಗೆ. ತಾಯಿ ಇದ್ದಿದ್ದರೆ ಬಾಣಂತನಕ್ಕೆ ತಾಯಿ ಹೋಗುತ್ತಿದ್ದಳು. ಆದರೆ ವಿನೋದಾ ಜನವರಿಯಲ್ಲಿ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಿದ್ದಳು. ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯುವುದರಲ್ಲಿ, ಎಳೆ ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದರಲ್ಲಿ ಅಕ್ಕುವಿನ ಕೈಗೆ ಹೆಸರಿತ್ತು. ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿದ್ದ ಅಕ್ಕು ಮಂಗಳೂರಿಗೂ ಒಬ್ಬಳೇ ಹೋದವಳಲ್ಲ. ಜೊತೆಗೆ ಅಣ್ಣನೂ ಹೋಗುವುದು, ಮೂರು ತಿಂಗಳು ಇದ್ದು ಬರುವುದು ಎಂದು ತೀರ್ಮಾನವಾಗಿತ್ತು.

ಚೆನ್ನೈಯ ವೀಸಾ ಕಚೇರಿಯಲ್ಲಿ ಆದದ್ದು ಇಷ್ಟು. ಗಾಜಿನ ಆಚೆ ಚಿಕ್ಕ ಪ್ರಾಯದ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಅವಳ ಇಂಗ್ಲಿಷನ್ನು ಕನ್ನಡಕ್ಕೆ ಮಾಡಿ ಹೇಳಲು ಬೇರೊಬ್ಬರಿದ್ದರು. ಹೆಸರು ಕೇಳಿದರು, ಮಗಳ ವಿಷಯ ಕೇಳಿದರು. ಆಮೇಲೆ, "ನಿಮ್ಮ ಹೆಂಡತಿ ಬರುವುದಿಲ್ಲವೇ?" ಎಂದರು. "ಅವಳು ತೀರಿಹೋದಳು," ಎಂದರು ಇವರು. ಆ ಹೆಣ್ಣುಮಗಳು ಮೆಲ್ಲಗೆ ಏನೋ ಹೇಳಿದಳು. ಅದು ಮರುಕದ ಮಾತೇ ಇರಬೇಕು. ಆರು ತಿಂಗಳಿನಿಂದ ಊರಿನವರ ಮುಂದೆ ಕಲ್ಲಿನ ಹಾಗೆ ಇದ್ದವರು ಆ ಪರದೇಶದ ಹುಡುಗಿಯ ಮುಂದೆ ಅಂಗೈಯಿಂದ ಕಣ್ಣು ಒರೆಸಿಕೊಂಡರು. "ಊರಿನಲ್ಲಿ ಈಗ ನಿಮಗೆ ಯಾರಿದ್ದಾರೆ?" ಎಂದು ಕನ್ನಡದವರು ಕೇಳಿದರು.

"ಯಾರೂ ಇಲ್ಲಮ್ಮ. ಅವಳು ಹೋದ ಮೇಲೆ ನನಗೆ ಅಲ್ಲಿ ಯಾರೂ ಇಲ್ಲ."

ಅಕ್ಕು ಅವರ ಅಂಗಿಯ ತೋಳು ಹಿಡಿದು ಎಳೆದಳು. ಅಷ್ಟರಲ್ಲಿ ಮಾತು ಇಂಗ್ಲಿಷಿಗೆ ಹೋಗಿ ಆಗಿತ್ತು. ಊರಿನಲ್ಲಿ ಯಾರೂ ಇಲ್ಲದವನು ತಿರುಗಿ ಬರುತ್ತಾನೆಂದು ಯಾರು ನಂಬಬೇಕು? ಇಬ್ಬರ ಪಾಸ್‌ಪೋರ್ಟುಗಳೂ ಒಂದು ಬಿಳಿ ಚೀಟಿಯ ಜೊತೆಗೆ ವಾಪಸು ಬಂದವು. ಮಗ, ಸೊಸೆ, ಮೊಮ್ಮಗಳು ಎಲ್ಲ ಜೊತೆಗೆ ನಿಂತು ತೆಗೆಸಿದ ಫೋಟೋ ಅವರ ಕೈಯಲ್ಲಿದ್ದ ಕಡತದ ಒಳಗೇ ಉಳಿಯಿತು.

ಮನೆಯಲ್ಲಿ ಎರಡು ದಿನ ಕಳೆದ ಮೇಲೆ ಜಯಕರನ ಸಿಟ್ಟು ಹೊರಗೆ ಬಂತು. ಅವನು ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುವವನು. ನಾಲ್ಕು ದಿನ ರಜೆ ಹಾಕಿ ಹೋದದ್ದಕ್ಕೆ ಅಲ್ಲಿ ಮಾತು ಕೇಳಿ ಬಂದಿದ್ದ. ರಾತ್ರಿ ಊಟಕ್ಕೆ ಕುಳಿತವನು ಕಡತದ ಸುದ್ದಿ ತೆಗೆದ. ಅದನ್ನು ಜೋಡಿಸಿದವಳು ಶಶಿಕಲಾ.

"ಮನೆತೆರಿಗೆ ರಶೀದಿ ಮೇಲೆ ಇಟ್ಟರೆ ಯಾರು ನೋಡುತ್ತಾರೆ? ಫೋಟೋ ಮೇಲೆ ಇಡಬೇಕಿತ್ತು. ಅಷ್ಟು ಬುದ್ಧಿ ಬೇಡವಾ?"

"ವಿಜೇತಾ ಫೋನಿನಲ್ಲಿ ಹೇಳಿದ ಹಾಗೆಯೇ ಇಟ್ಟದ್ದು ನಾನು."

"ಅವಳು ಹೇಳಿದ್ದು ಒಂದು, ನೀನು ಮಾಡಿದ್ದು ಒಂದು. ಈಗ ಅವಳ ಹೆರಿಗೆಗೆ ಯಾರು ಹೋಗುವುದು, ನೀನಾ?"

ಶಶಿಕಲಾ ಸೌಟು ಎತ್ತಿಕೊಂಡಳು. ಮಾವನ ಬಟ್ಟಲಿಗೆ ಬಸಳೆ ಸಾಂಬಾರು ಬಡಿಸಿದಳು. ಉಳಿದವರಿಗೆ ಬಂಗುಡೆ ಸಾರು. ಹೆಂಡತಿ ಸತ್ತ ವರ್ಷ ತುಂಬುವವರೆಗೆ ಮೀನು ಮುಟ್ಟುವುದಿಲ್ಲವೆಂದು ವಿಠಲ ಶೆಟ್ಟಿಗಾರರು ದೇವರ ಮುಂದೆ ಹೇಳಿಕೊಂಡಿದ್ದರು. ಅಂದಿನಿಂದ ಶಶಿಕಲಾ ಅವರೊಬ್ಬರಿಗೆ ಬೇರೆ ಪಾತ್ರೆ, ಬೇರೆ ಸೌಟು ಇಟ್ಟು ಎರಡು ಅಡುಗೆ ಮಾಡುತ್ತಿದ್ದಳು. ಆ ವ್ರತದ ಪುಣ್ಯ ತಮ್ಮದು, ಕೆಲಸ ಅವಳದು ಎಂಬುದು ಆ ರಾತ್ರಿ ಬಸಳೆ ದಂಟು ಜಗಿಯುವಾಗ ಅವರಿಗೆ ಮೊದಲ ಸಲ ಹೊಳೆಯಿತು. ಮಗ ಬೈಯುತ್ತಿದ್ದ, ಸೊಸೆ ಕೇಳುತ್ತಿದ್ದಳು, ತಪ್ಪು ಮಾಡಿದವರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಅಕ್ಕು ಅರ್ಧ ಊಟಕ್ಕೆ ಎದ್ದು ಕೈತೊಳೆದಳು.

ಮರುದಿನ ಸಂಜೆ ದೇವರಿಗೆ ದೀಪ ಹಚ್ಚಿ ಭಜನೆಗೆ ಕುಳಿತಾಗ ವಿಠಲ ಶೆಟ್ಟಿಗಾರರಿಗೆ ಸ್ವರ ಏಳಲಿಲ್ಲ. ನಲವತ್ತು ವರ್ಷದಿಂದ ಬಾಯಿಪಾಠವಿದ್ದ ಹಾಡಿನ ಎರಡನೆಯ ಚರಣ ಮರೆತುಹೋಯಿತು. ಮೊಮ್ಮಗಳು ಅಶ್ವಿನಿ ಹೇಳಿಕೊಟ್ಟಳು.

ಅವರು ನೇಕಾರರು. ಮನೆಯ ಚಾವಡಿಯ ಪಕ್ಕದ ಕೋಣೆಯಲ್ಲಿ ಅವರ ತಂದೆಯ ಕಾಲದ ಕುಣಿಮಗ್ಗ ಉಂಟು. ಈಗಲೂ ನೇಕಾರರ ಸಂಘಕ್ಕೆ ತಿಂಗಳಿಗೆ ಐದಾರು ಸೀರೆ ನೇಯ್ದು ಕೊಡುತ್ತಿದ್ದರು. ನೇಯುವವನು ಕುಣಿಯಲ್ಲಿ ಕಾಲಿಳಿಸಿ ಗೋಡೆಯ ಕಡೆ ಮುಖ ಮಾಡಿ ಕುಳಿತಿರುತ್ತಾನೆ. ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಮನೆಯ ಹೆಂಗಸು ಅವನ ಬೆನ್ನ ಹಿಂದೆ ರಾಟೆಯ ಬಳಿ ಕುಳಿತು ಸುತ್ತುತ್ತಾಳೆ. ನೇಕಾರ ಹಿಂದಕ್ಕೆ ಕೈ ಚಾಚಿದರೆ ತುಂಬಿದ ಕಂಡಿಕೆ ಕೈಗೆ ಬರಬೇಕು. ನಲವತ್ತೆರಡು ವರ್ಷ ವಿನೋದಾ ಅದನ್ನು ಮಾಡಿದ್ದಳು. ಅವಳು ಸತ್ತ ಹದಿನೇಳನೆಯ ದಿನ ಇವರು ಮಗ್ಗಕ್ಕೆ ಇಳಿದು, ಅಭ್ಯಾಸದ ಮೇಲೆ ಹಿಂದಕ್ಕೆ ಕೈ ಚಾಚಿದರು. ಕಂಡಿಕೆ ಕೈಗೆ ಬಂತು. ಯಾರು ಸುತ್ತಿದರು ಎಂದು ಅವರು ತಿರುಗಿ ನೋಡಲಿಲ್ಲ. ನೋಡಿದರೆ ಅಲ್ಲಿ ವಿನೋದಾ ಇಲ್ಲ ಎಂಬುದು ಕಾಣುತ್ತಿತ್ತು. ಹಾಗೆ ನೋಡದೆಯೇ ಆರು ತಿಂಗಳು ನೇಯ್ದರು.

ಆಗಸ್ಟಿನಲ್ಲಿ ಶಿರ್ವದಿಂದ ಎಸ್ತರ್ ಬಾಯಿ ಬಂದಳು. ಅವಳ ಮಗಳು ಬೆನೆಡಿಕ್ಟಾ ವಿಜೇತಳ ಜೊತೆಗೆ ಓದಿದವಳು, ಅದೇ ಶಿಕಾಗೋದಲ್ಲಿ ಇದ್ದಳು. ಎಸ್ತರ್ ಬಾಯಿ ಎರಡು ಸಲ ಹೋಗಿ ಬಂದಿದ್ದಳು. ಜಗಲಿಯಲ್ಲಿ ಕುಳಿತು ಅವಳು ಶಿಕಾಗೋದ ಗಾಳಿ ಕೊಡೆಯನ್ನು ಹೇಗೆ ಮುರಿಯುತ್ತದೆ, ಸಮುದ್ರದ ಹಾಗೆ ಕಾಣುವ ಕೆರೆಯ ನೀರು ಉಪ್ಪಿಲ್ಲದೆ ಇರುವುದು ಹೇಗೆ ಎಂದೆಲ್ಲ ವರ್ಣಿಸಿದಳು. ಮುಂಬಯಿಯಲ್ಲಿ ವಿಮಾನ ಬದಲಿಸುವಾಗ ಚೀಲ ಕೈಬಿಡಬಾರದು, ಬಾಣಂತಿ ಲೇಹ್ಯವನ್ನು ಡಬ್ಬದಲ್ಲಿ ಹಾಕಿ ಮೇಲೆ ಹೆಸರು ಬರೆಯಬೇಕು ಎಂದಳು. ಅಕ್ಕು ಎಲ್ಲಕ್ಕೂ ತಲೆಯಾಡಿಸುತ್ತ, ಅಲ್ಲಿ ಬಿಸಿನೀರಿನ ಹಂಡೆ ಇಲ್ಲದಿದ್ದರೆ ಮಗುವನ್ನು ಮೀಯಿಸುವುದು ಎಲ್ಲಿ ಎಂದು ವಿಚಾರಿಸಿದಳು. ಕೊನೆಗೆ ಎಸ್ತರ್ ಬಾಯಿ ವಿಠಲ ಶೆಟ್ಟಿಗಾರರ ಕಡೆ ತಿರುಗಿದಳು.

"ಒಂದು ಹೇಳುತ್ತೇನೆ ಶೆಟ್ಟಿಗಾರರೇ. ಅವರು ಸುಮ್ಮನೆ ಇಲ್ಲ ಅನ್ನುವುದಿಲ್ಲ. ನೀವು ಎಂತ ಹೇಳಿದಿರಿ, ಅದು ಮುಖ್ಯ. ಇನ್ನೊಮ್ಮೆ ಹೋಗುವ ಮೊದಲು ಮನೆಯಲ್ಲೇ ಅಭ್ಯಾಸ ಮಾಡಿ. ನನ್ನ ಗಂಡನಿಗೆ ಬೆನೆಡಿಕ್ಟಾ ಒಂದು ವಾರ ಫೋನಿನಲ್ಲೇ ಪರೀಕ್ಷೆ ಮಾಡಿದ್ದಾಳೆ. ಮದುವೆಯ ದಿವಸವೂ ಅವರು ಅಷ್ಟು ಹೆದರಿರಲಿಲ್ಲ."

ಶಶಿಕಲಾ ನಕ್ಕಳು. ಆ ಭಾನುವಾರ ವಿಜೇತಾ ಫೋನ್ ಮಾಡಿದಾಗ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ದಿನ ಗೊತ್ತುಮಾಡಿದ್ದಾಯಿತು. ಫೋನ್ ಇಟ್ಟ ಕೂಡಲೇ ಶಶಿಕಲಾ ತೆಂಗಿನಕಾಯಿ ಹೆರೆಯುವ ಮಣೆ ಹಾಕಿಕೊಂಡು ಕುಳಿತು, ಮಾವನನ್ನು ಎದುರಿಗೆ ಕೂರಿಸಿಕೊಂಡಳು. ಅವಳೇ ಅಧಿಕಾರಿ. ಅಶ್ವಿನಿ ಕನ್ನಡ ಮಾಡಿ ಹೇಳುವವಳು. ನಾಲ್ಕನೆಯ ಕ್ಲಾಸಿನ ಆ ಮಗು ಬೆನ್ನು ನೆಟ್ಟಗೆ ಮಾಡಿ ನಿಂತುಕೊಂಡಿತು.

ಮೊದಲ ಪ್ರಶ್ನೆಗಳು ಸುಲಭವಾಗಿ ಹೋದವು. ಮಗಳ ಹೆಸರು, ಅಳಿಯನ ಕೆಲಸ, ಎಷ್ಟು ತಿಂಗಳು. ಜಯಕರ ಬಾಗಿಲಿನ ಬಳಿ ನಿಂತು, ಸ್ವರ ಗಟ್ಟಿ ಇರಲಿ ಅಪ್ಪ ಎನ್ನುತ್ತಿದ್ದ.

ಶಶಿಕಲಾ ಕಾಯಿ ಹೆರೆಯುತ್ತಲೇ, "ಊರಿನಲ್ಲಿ ನಿಮಗೆ ಯಾರಿದ್ದಾರೆ?" ಎಂದಳು.

"ಅಜ್ಜ, ಊರಿನಲ್ಲಿ ನಿಮಗೆ ಯಾರೆಲ್ಲ ಇದ್ದಾರೆ ಅಂತ ಮೇಡಂ ಕೇಳುತ್ತಾರೆ," ಎಂದಿತು ಮಗು.

ವಿಠಲ ಶೆಟ್ಟಿಗಾರರು ಹೆಗಲ ಮೇಲಿನ ಬಟ್ಟೆ ತೆಗೆದು ಮಡಚತೊಡಗಿದರು. ಅದೇ ಪ್ರಶ್ನೆ, ಅದನ್ನು ಕೇಳುತ್ತಿರುವವಳು ಸೊಸೆಯೇ.

"ಇಷ್ಟು ಸುಲಭದ್ದು ಬಾರದಾ ಮಾವ?" ಎಂದಳು ಶಶಿಕಲಾ ನಗುತ್ತ. "ನಾವೆಲ್ಲ ಎದುರಿಗೇ ಇದ್ದೇವಲ್ಲ. ನೋಡಿ ಹೇಳಿ."

ಆಗ ಅಕ್ಕುವಿಗೆ ತಾಳ್ಮೆ ಮುಗಿಯಿತು. ಆರು ವಾರ ಹೊಟ್ಟೆಯಲ್ಲಿ ಇಟ್ಟುಕೊಂಡ ಮಾತು. "ಹೇಳು ಅಣ್ಣ. ಅವತ್ತು ಹೇಳಿದ್ದನ್ನು ಬಿಟ್ಟು ಬೇರೆ ಎಂತಾದರೂ ಹೇಳು."

"ಅವತ್ತು ಎಂತ ಹೇಳಿದ್ದು ಅಜ್ಜ?" ಎಂದು ಅಶ್ವಿನಿ ಕೇಳಿದಳು.

ಮಗುವಿನ ಎದುರು ಎರಡನೆಯ ಸುಳ್ಳು ಹೇಳಲು ಅವರಿಂದಾಗಲಿಲ್ಲ. "ಯಾರೂ ಇಲ್ಲ ಅಂತ ಹೇಳಿದೆ," ಎಂದರು ನೆಲ ನೋಡುತ್ತ. "ಅವಳು ಹೋದ ಮೇಲೆ ಯಾರೂ ಇಲ್ಲ ಅಂತ."

ಕಾಯಿ ಹೆರೆಯುವ ಸದ್ದು ನಿಂತಿತು. ಜಯಕರ ಹೆಂಡತಿಯ ಮುಖ ನೋಡಿದ. ಕಡತ ಸರಿ ಜೋಡಿಸಲಿಲ್ಲವೆಂದು ತಾನು ಬೈದದ್ದು ಅವನಿಗೆ ನೆನಪಾಗಿರಬೇಕು. ಶಶಿಕಲಾ ಉಳಿದ ಕಾಯಿಯನ್ನು ಪೂರ್ತಿ ಹೆರೆದು ಮುಗಿಸಿ, ಮಣೆಯನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ ಎರಡೂ ಅಡುಗೆ ಮಾಡಿದಳು. ಆ ದಿನ ಮಾವನ ಬಟ್ಟಲನ್ನು ಇಟ್ಟು ಹೋದವಳು ಮತ್ತೆ ಬಡಿಸಲು ಬರಲಿಲ್ಲ. ಬೇಕಾದುದನ್ನು ಅಕ್ಕು ಹಾಕಿದಳು.

ಮರುದಿನ ಬೆಳಿಗ್ಗೆ ಶಶಿಕಲಾ ಕಾರ್ಕಳದ ತವರಿಗೆ ಹೋದಳು. ತಾಯಿಗೆ ಮಂಡಿನೋವು, ನಾಲ್ಕು ದಿನ ಇದ್ದು ಬರುತ್ತೇನೆ ಎಂದಳು. ತಾಯಿಗೆ ಮಂಡಿನೋವು ಹತ್ತು ವರ್ಷದಿಂದ ಇತ್ತು.

ನಾಲ್ಕು ದಿನ ಎಂಟಾಯಿತು. ಅಕ್ಕು ಅಡುಗೆ ಮಾಡಿದಳು. ಎರಡು ಬಗೆ ಮಾಡುವಷ್ಟು ಅವಳ ಸೊಂಟಕ್ಕೆ ಶಕ್ತಿ ಇರಲಿಲ್ಲ. ಎಲ್ಲರಿಗೂ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ. ಅಶ್ವಿನಿಯ ಜಡೆ ವಾರೆಯಾಯಿತು, ಶಾಲೆಯ ಬುತ್ತಿ ತಡವಾಯಿತು. ಜಯಕರ ದಿನಾ ಸಂಜೆ ಕಾರ್ಕಳಕ್ಕೆ ಫೋನ್ ಮಾಡಿ, ಎರಡು ಮಾತು ಆಡಿ ಇಡುತ್ತಿದ್ದ. ಮೂರನೆಯ ದಿನ ವಿಠಲ ಶೆಟ್ಟಿಗಾರರು ಮಗ್ಗದಿಂದ ಹಿಂದಕ್ಕೆ ಕೈ ಚಾಚಿದರು. ಬುಟ್ಟಿಯಲ್ಲಿ ಬರಿಯ ಕಂಡಿಕೆ ಕಡ್ಡಿಗಳಿದ್ದವು. ತಾವೇ ರಾಟೆಯ ಮುಂದೆ ಕುಳಿತು ಸುತ್ತಿ ನೋಡಿದರು. ಐವತ್ತು ವರ್ಷ ನೇಯ್ದ ಕೈಗೆ ಆ ಕೆಲಸ ಗೊತ್ತಿರಲಿಲ್ಲ. ಒಂದು ಸಲ ಸಡಿಲವಾಯಿತು, ಒಂದು ಸಲ ನೂಲು ತುಂಡಾಯಿತು. ಶಾಲೆಯಿಂದ ಬಂದ ಅಶ್ವಿನಿ ನಿಂತು ನೋಡಿ, "ಅಮ್ಮ ಇದನ್ನು ಕಲಿಯುವಾಗ ಬೆರಳಿಗೆ ಗಾಯ ಮಾಡಿಕೊಂಡಿದ್ದರು ಅಜ್ಜ. ನಿಮಗೆ ಹೇಳಬಾರದು ಅಂದಿದ್ದರು," ಎಂದಳು.

ಒಂಬತ್ತನೆಯ ದಿನ ಬೆಳಿಗ್ಗೆ ಅವರು ಮಿಂದು, ಒಗೆದ ಪಂಚೆ ಉಟ್ಟು, ಮಗನಿಗೂ ಹೇಳದೆ ಬಸ್ಸು ಹತ್ತಿದರು. ಉಡುಪಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿದರು. ಸೊಸೆಯ ತವರಿಗೆ ಮಾವ ಒಬ್ಬನೇ, ಕರೆಯದೆ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋಗುವುದು ಅವರ ವಂಶದಲ್ಲಿ ನಡೆದದ್ದಿಲ್ಲ. ಬೀಗರು ಗಾಬರಿಯಿಂದ ಕುರ್ಚಿ ಹಾಕಿದರು, ಬೆಲ್ಲ ನೀರು ಕೊಟ್ಟರು, ಅಮೆರಿಕದ ಪ್ರಯಾಣ ಯಾವಾಗ ಎಂದು ಕೇಳಿದರು. ಅವರಿಗೆ ಏನೂ ಗೊತ್ತಿಲ್ಲವೆಂದು ತಿಳಿದಾಗ ಶೆಟ್ಟಿಗಾರರ ತಲೆ ಇನ್ನೂ ಕೆಳಗೆ ಹೋಯಿತು. ತನ್ನ ಅಪ್ಪ ಅಮ್ಮನ ಮುಂದೆಯೂ ಅವಳು ಮಾವನ ಮಾನ ಕಾದಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅಲ್ಲಿ ಹೇಳುವ ಹಾಗಿರಲಿಲ್ಲ. "ಮನೆಗೆ ಬಾ ಮಗಳೇ," ಎಂದಷ್ಟೇ ಹೇಳಿದರು.

ಅವಳು ಚೀಲ ತಂದಳು. ಇಬ್ಬರೂ ಬಸ್ಸು ಹತ್ತಿದರು. ಮಣಿಪಾಲ ದಾಟಿದ ಮೇಲೆ ಅವಳು ಕಿಟಕಿಯ ಹೊರಗೆ ನೋಡುತ್ತ, "ಕಂಡಿಕೆ ಮುಗಿದಿರಬೇಕು ಅಲ್ವಾ?" ಎಂದಳು.

"ಅದಕ್ಕೆ ಬಂದದ್ದಲ್ಲ."

"ಮತ್ತೆ ಎಂತಕ್ಕೆ?"

ಮುಂದಿನ ಸೀಟಿನಲ್ಲಿ ಜನ ಇದ್ದರು, ಹಿಂದೆಯೂ ಇದ್ದರು.

"ಇರಲಿ ಬಿಡಿ," ಎಂದಳು. "ನಾನು ಬರುವುದು ವಿಜೇತಳ ಸಲುವಾಗಿ. ಪಾಪ, ತಾಯಿ ಇಲ್ಲದ ಹುಡುಗಿ. ಪೇಪರೆಲ್ಲ ಇನ್ನೊಮ್ಮೆ ಜೋಡಿಸಬೇಕು."

ಮನೆಗೆ ಬಂದವಳು ಹೇಳಿದ ಹಾಗೆಯೇ ಮಾಡಿದಳು. ಉಡುಪಿಗೆ ಹೋಗಿ ಅಕ್ಕುವಿಗೆ ಸ್ವೆಟರ್, ಮಾವನಿಗೆ ಕಾಲುಚೀಲ ತಂದಳು. ನೇಕಾರರ ಸಂಘದ ಕಾರ್ಯದರ್ಶಿಯನ್ನು ಕಂಡು, ಇವರು ಇಂದಿಗೂ ನೇಯುತ್ತಿದ್ದಾರೆ ಎಂದು ಪತ್ರ ಬರೆಸಿದಳು. ಕಂಡಿಕೆಯೂ ಸುತ್ತಿದಳು. ಆದರೆ ಅವರು ಮಗ್ಗಕ್ಕೆ ಇಳಿಯುವ ಮೊದಲೇ ಸುತ್ತಿ, ಬುಟ್ಟಿ ತುಂಬಿಸಿಟ್ಟು ಹೋಗುತ್ತಿದ್ದಳು. ಅವರು ಈಗ ದಿನಕ್ಕೆ ಹತ್ತು ಸಲ ತಿರುಗಿ ನೋಡಿದರೂ ರಾಟೆಯ ಬಳಿ ಯಾರೂ ಇರುತ್ತಿರಲಿಲ್ಲ. ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸುವ ಕೆಲಸ ಜಯಕರನ ಪಾಲಿಗೆ ಬಂತು. ಆ ಒಂದು ಪ್ರಶ್ನೆಯನ್ನು ಅವನೂ ಬಿಟ್ಟುಬಿಡುತ್ತಿದ್ದ.

ವಿಠಲ ಶೆಟ್ಟಿಗಾರರು ಅದನ್ನು ತಾವೇ ಅಭ್ಯಾಸ ಮಾಡಿಕೊಂಡರು. ಚೆನ್ನೈಗೆ ಹೋಗುವ ರೈಲಿನಲ್ಲಿ ಮೇಲಿನ ಬರ್ತಿನಲ್ಲಿ ಮಲಗಿ ಬಾಯೊಳಗೇ ಹೇಳಿಕೊಂಡರು. ಮಗ ಇದ್ದಾನೆ. ಮೊಮ್ಮಗಳು ಇದ್ದಾಳೆ. ಸೊಸೆ ಇದ್ದಾಳೆ, ನನ್ನ ಮಗ್ಗ ನಡೆಯುವುದು ಅವಳಿಂದ, ನನ್ನ ಹೊಟ್ಟೆಗೆ ಬೀಳುವುದು ಅವಳ ಕೈಯಿಂದ, ಅವರನ್ನೆಲ್ಲ ಬಿಟ್ಟು ನಾನು ಎಲ್ಲಿ ಇರಲಿ? ದೇವರ ನಾಮದ ಹಾಗೆ ನೂರು ಸಲ ಹೇಳಿಕೊಂಡರು. ಗಾಜಿನ ಮುಂದೆ ನಿಂತು ಇದನ್ನು ಹೇಳಿಬಿಟ್ಟರೆ ಹಿಂದಿನ ಮಾತು ಅಳಿಸಿಹೋಗುತ್ತದೆ, ಅದೇ ಜಾಗದಲ್ಲಿ ಅದೇ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೆನೆಂದು ಮನೆಗೆ ಬಂದು ಹೇಳಬಹುದು ಎಂದು ಅವರ ಲೆಕ್ಕ.

ಈ ಸಲ ಗಾಜಿನ ಆಚೆ ಇದ್ದವರು ನರೆಗೂದಲಿನ ಗಂಡಸು. ಅವರು ಕಡತ ಬಿಡಿಸಿ ಫೋಟೋ ನೋಡಿದರು, ಸಂಘದ ಪತ್ರ ನೋಡಿದರು. ಅಕ್ಕುವನ್ನು, ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದು ಕೇಳಿಸಿದರು. ಅಕ್ಕು ಮಾತಾಡುವ ಬದಲು ಎರಡು ಕೈಯನ್ನೂ ಮುಂದೆ ಚಾಚಿ, ಇಲ್ಲದ ಮಗುವಿನ ಬೆನ್ನಿಗೆ ಎಣ್ಣೆ ತಿಕ್ಕಿ ತೋರಿಸಿದಳು. ಆತ ನಕ್ಕುಬಿಟ್ಟರು. "ಎಷ್ಟು ಸಮಯ?" ಎಂದು ಇವರನ್ನು ಕೇಳಿದರು. "ಮೂರು ತಿಂಗಳು," ಎಂದರು ಇವರು. ಅಷ್ಟೇ. ಪಾಸ್‌ಪೋರ್ಟುಗಳನ್ನು ಒಳಗಿಟ್ಟುಕೊಂಡು, ವೀಸಾ ಆಯಿತು, ಹೋಗಬಹುದು ಎಂದು ಹೇಳಿಸಿದರು.

ವಿಠಲ ಶೆಟ್ಟಿಗಾರರು ಅಲ್ಲೇ ನಿಂತರು. "ಊರಿನಲ್ಲಿ ಯಾರಿದ್ದಾರೆ ಅಂತ ಕೇಳಲಿಲ್ಲ," ಎಂದರು.

"ಅದೆಲ್ಲ ಬೇಡ ಅಜ್ಜ, ಆಯಿತು," ಎಂದು ಕನ್ನಡದವರು ಮುಂದಿನವರನ್ನು ಕರೆದರು. ಅಕ್ಕು ತೋಳು ಹಿಡಿದು ಎಳೆದುಕೊಂಡು ಬಂದಳು.

ಮನೆಗೆ ಮುಟ್ಟಿದಾಗ ಊಟದ ಹೊತ್ತು. ಶನಿವಾರವಾದ್ದರಿಂದ ಅಶ್ವಿನಿಯೂ ಮನೆಯಲ್ಲಿದ್ದಳು. ಫೋನಿನಲ್ಲಿ ಸುದ್ದಿ ಮೊದಲೇ ಬಂದಿತ್ತು. ಶಶಿಕಲಾ ಪಾಯಸ ಮಾಡಿದ್ದಳು. ಎಷ್ಟೋ ದಿನಗಳ ಮೇಲೆ ತಾನೇ ನಿಂತು ಎಲ್ಲರಿಗೂ ಬಡಿಸಿದಳು. ಜಯಕರನ ಉತ್ಸಾಹಕ್ಕೆ ಮಿತಿ ಇರಲಿಲ್ಲ. ಟಿಕೆಟು, ಮುಂಬಯಿ, ಚಳಿ ಎಂದೆಲ್ಲ ಹೇಳಿ, "ಈ ಸಲ ಅಪ್ಪ ಸರಿಯಾಗಿ ಉತ್ತರ ಕೊಟ್ಟರು, ಅದಕ್ಕೇ ಸಿಕ್ಕಿತು," ಎಂದ. ಅವನು ಈ ಸಲವೂ ಹೊರಗೇ ನಿಂತವನು.

ಶಶಿಕಲಾ ಸೌಟು ಹಿಡಿದುಕೊಂಡೇ ಮಾವನ ಕಡೆ ತಿರುಗಿದಳು. "ಹೌದಾ ಮಾವ? ಎಂತ ಹೇಳಿದಿರಿ?"

ಅವಳ ಮುಖದಲ್ಲಿ ಒಂದು ಆಸೆ ಇತ್ತು. ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು, ನೂರು ಸಲ ಹೇಳಿಕೊಂಡದ್ದು. ಅಕ್ಕು ತನ್ನ ಬಟ್ಟಲು ನೋಡುತ್ತ ಕುಳಿತಿದ್ದಳು. ಅವಳು ಈ ಸಲ ಬಾಯಿ ಬಿಡುತ್ತಿರಲಿಲ್ಲ.

"ನನ್ನನ್ನು ಅದು ಕೇಳಲಿಲ್ಲ," ಎಂದರು ವಿಠಲ ಶೆಟ್ಟಿಗಾರರು. "ಎಷ್ಟು ತಿಂಗಳು ಅಂತ ಮಾತ್ರ ಕೇಳಿದ್ದು."

ಶಶಿಕಲಾ, "ಹೌದಾ," ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅವರು ಬಟ್ಟಲಲ್ಲಿದ್ದುದನ್ನು ಕಷ್ಟಪಟ್ಟು ಮುಗಿಸಿದರು. ಉಂಡ ಬಟ್ಟಲನ್ನು ಆ ಮನೆಯ ಗಂಡಸರು ಎತ್ತುತ್ತಿರಲಿಲ್ಲ. ಅವರು ಎತ್ತಿಕೊಂಡು ಎದ್ದರು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಾಗ ಸೊಸೆ ಬೆನ್ನು ಮಾಡಿಕೊಂಡು ಒಲೆಯ ಬದಿಯನ್ನು ಒರೆಸುತ್ತಿದ್ದಳು. ಹಿಂದಿನಿಂದ ಮಗ, ತಂಗಿ, ಮೊಮ್ಮಗಳು ನೋಡುತ್ತಿದ್ದಾರೆಂದು ಅವರಿಗೆ ಗೊತ್ತಿತ್ತು. ರೈಲಿನಲ್ಲಿ ಬಾಯಿಪಾಠ ಮಾಡಿದ ಉತ್ತರದಲ್ಲಿ ಒಂದು ಪದವೂ ನೆನಪಿಗೆ ಬರಲಿಲ್ಲ.

"ಶಶಿಕಲಾ," ಎಂದರು. "ನೀನು ಇದ್ದೀ. ಇಲ್ಲ ಅಂತ ಹೇಳಿದೆ. ತಪ್ಪಾಯಿತು."

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಒಲೆಯ ಇನ್ನೊಂದು ಬದಿಯನ್ನೂ ಒರೆಸುತ್ತ, "ಇದನ್ನು ಇಲ್ಲಿ ಹೇಳುವುದಕ್ಕಿಂತ ಚೆನ್ನೈಯಲ್ಲಿ ಹೇಳುವುದು ಸುಲಭ ಇತ್ತು ಅಲ್ವಾ ಮಾವ?" ಎಂದಳು.

"ಹೌದು," ಎಂದರು ಅವರು.

ಆಗ ಅವಳು ತಿರುಗಿ ಅವರ ಕೈಯಿಂದ ಎಂಜಲು ಬಟ್ಟಲನ್ನು ತೆಗೆದುಕೊಂಡಳು.